ಲೆಕ್ಕ ಎಂಬ ಮಾತಿನ ಲೆಕ್ಕ

ಕಳೆದ ವರ್ಷ ನಮ್ಮ ಸಂಘದ ಮೊದಲ ಸಭೆಯ ದಿನ ನಾನು ಅರ್ಧ ಗಂಟೆ ಮುಂಚೆಯೇ ಹೋಗಿ ಖಾಲಿ ಬೆಂಚುಗಳ ನಡುವೆ ಕೂತಿದ್ದೆ. ಹೊತ್ತು ಮೀರಿದ ಮೇಲೆ ಧಾರವಾಡದ ಕಡೆಯ ಗೆಳೆಯನೊಬ್ಬ ಬಂದ. ನನಗೋ ಖುಷಿ. "ಯಾರೂ ಬರುವುದಿಲ್ಲ ಅಂತ ಎಣಿಸಿದ್ದೆ ಮಾರಾಯ" ಎಂದೆ. ಅವನು ಬೆಂಚುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, "ಬರಲಾರದವರನ್ನ ಹೆಂಗ ಎಣಿಸಿದ್ಯೋ? ಬಂದವರನ್ನ ಎಣಿಸ್ತಾರ" ಎಂದ.

ಅವನು ತಮಾಷೆ ಮಾಡಲಿಲ್ಲ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. ನಮ್ಮ ಕುಂದಾಪುರದ ಕಡೆ ‘ಎಣಿಸು’ ಅಂದರೆ ಮೊದಲು ‘ಅಂದುಕೊಳ್ಳು’, ಆಮೇಲೆ ಒಂದು, ಎರಡು, ಮೂರು. ಅವನ ಕಡೆ ಬರೀ ಒಂದು, ಎರಡು, ಮೂರು. ಇಬ್ಬರೂ ಕನ್ನಡ ಶಾಲೆಯಲ್ಲೇ ಕಲಿತವರು. ಮುಂಬಯಿಗೆ ಬಂದು ಒಂದೇ ಬೆಂಚಿನಲ್ಲಿ ಕೂತ ಮೇಲೆ ಒಬ್ಬರ ಕನ್ನಡ ಇನ್ನೊಬ್ಬರಿಗೆ ಹೊಸದಾಗಿ ಕೇಳಿಸತೊಡಗಿದೆ. ಆ ದಿನದಿಂದ ಎಣಿಕೆಗೆ ಸಂಬಂಧಪಟ್ಟ ಮಾತುಗಳು ಕಿವಿಗೆ ಬಿದ್ದಾಗಲೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತ ಬಂದೆ. ನಾನು ಭಾಷಾಶಾಸ್ತ್ರ ಓದಿದವನಲ್ಲ, ಕಾಮರ್ಸಿನವನು. ಆದರೂ ಲೆಕ್ಕದ ವಿಷಯದಲ್ಲಿ ಕಾಮರ್ಸಿನವನಿಗೂ ನಾಲ್ಕು ಮಾತು ಆಡುವ ಹಕ್ಕು ಇದೆ ತಾನೇ?

ಮೊದಲು ‘ಎಣಿಸು’ವನ್ನೇ ನೋಡೋಣ. ಇದು ಅಚ್ಚ ದ್ರಾವಿಡ ಮಾತು. ನಮ್ಮ ನೆರೆಯವರಲ್ಲೂ ಇದೆ. ತಮಿಳಿನಲ್ಲಿ ‘ಎಣ್’ ಅಂದರೆ ಸಂಖ್ಯೆ, ‘ಎಣ್ಣಂ’ ಅಂದರೆ ಯೋಚನೆ. ಮಲಯಾಳದಲ್ಲಿ ಅದೇ ‘ಎಣ್ಣಂ’ ಅಂದರೆ ಯೋಚನೆಯಲ್ಲ, ಸಂಖ್ಯೆ! ಹಾಗಾದರೆ ನಮ್ಮ ಕರಾವಳಿಯ ‘ಎಣಿಸಿದ್ದೆ’ ತಪ್ಪು ಪ್ರಯೋಗವಲ್ಲ, ಹಳೆಯ ಆಸ್ತಿ. ಒಂದೊಂದಾಗಿ ಮನಸ್ಸಿನ ಮುಂದೆ ತಂದುಕೊಳ್ಳುವುದೇ ಎಣಿಸುವುದು. ತಂದುಕೊಂಡದ್ದು ತೆಂಗಿನಕಾಯಿ ಆದರೆ ಸಂಖ್ಯೆ, ಸಂಗತಿ ಆದರೆ ಯೋಚನೆ. ‘ಎಣಿಸಿದಂತೆ ಆಗಲಿಲ್ಲ’ ಎಂದು ಬರೆಯುವಾಗ ಘಟ್ಟದ ಮೇಲಿನವರೂ ಇದೇ ಅರ್ಥದಲ್ಲಿ ಬರೆಯುತ್ತಾರೆ. ಆಡುಮಾತಿನಲ್ಲಿ ಬಿಟ್ಟಿದ್ದಾರೆ ಅಷ್ಟೆ.

ಎಣಿಸುವುದು ಬರೀ ಸಂಖ್ಯೆಯ ಕೆಲಸ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿಯೂ ಉಂಟು. ಜೈಲಿನಲ್ಲಿರುವವನು ‘ಕಂಬಿ ಎಣಿಸುತ್ತಾನೆ’; ಕಂಬಿ ಎಷ್ಟಿವೆ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಹಾಸಿಗೆ ಹಿಡಿದವರು ‘ದಿನ ಎಣಿಸುತ್ತಾರೆ’. ಭತ್ತ ಅಳೆಯುವಾಗ ಹಿರಿಯರು ‘ಒಂದು’ ಎನ್ನದೆ ‘ಲಾಭ’ ಎಂದು ಶುರುಮಾಡಿ, ಆಮೇಲೆ ಎರಡು, ಮೂರು ಎನ್ನುವುದನ್ನು ಊರಲ್ಲಿ ನೋಡಿದವರು ನಮ್ಮಲ್ಲಿ ಇದ್ದೀರಿ. ಒಂದು ಎಂಬ ಸಂಖ್ಯೆಯ ಜಾಗದಲ್ಲಿ ಒಂದು ಆಸೆ ಕೂತಿದೆ.

ಇರಲಿ. ಈಗ ‘ಲೆಕ್ಕ’ಕ್ಕೆ ಬರೋಣ.

ಎಣಿಕೆ ಬೆರಳಿನದು, ಮನಸ್ಸಿನದು. ಲೆಕ್ಕ ಹಾಗಲ್ಲ. ಲೆಕ್ಕ ಎಂಬುದು ಸಂಸ್ಕೃತದ ‘ಲೇಖ’, ‘ಲೇಖ್ಯ’ದ ತದ್ಭವ. ‘ಲಿಖ್’ ಅಂದರೆ ಗೀರು, ಬರೆ. ಅಂದರೆ ಲೆಕ್ಕದ ಮೂಲದಲ್ಲಿ ಸಂಖ್ಯೆಯೇ ಇಲ್ಲ, ಇರುವುದು ಬರವಣಿಗೆ! ಲೇಖನ, ಲೇಖನಿ, ಲೇಖಕ, ಲೆಕ್ಕ, ಲೆಕ್ಕಿಗ ಎಲ್ಲ ಒಂದೇ ಮನೆಯವರು. ರಾಜ್ಯದ ಹಣಕಾಸನ್ನು ತಪಾಸಣೆ ಮಾಡುವ ದೊಡ್ಡ ಅಧಿಕಾರಿಗೆ ಕನ್ನಡದಲ್ಲಿ ‘ಮಹಾಲೇಖಪಾಲ’ ಎನ್ನುತ್ತೇವೆ. ಅವರು ಪಾಲಿಸುವುದು ಕಥೆ-ಕವಿತೆಯನ್ನಲ್ಲ. ನಮ್ಮ ಸಂಘದಲ್ಲಿ ಆರ್ಟ್ಸಿನ ಗೆಳೆಯರು ಕಾಮರ್ಸಿನವರನ್ನು ಕಂಡು "ನಿಮಗೇನು ಸಾಹಿತ್ಯ?" ಎನ್ನುವುದುಂಟು. ಅವರಿಗೆ ನನ್ನ ನಮ್ರ ವಿನಂತಿ: ಲೇಖಕ ಮತ್ತು ಲೆಕ್ಕಿಗ ಅಣ್ಣತಮ್ಮಂದಿರು. ಅಣ್ಣ ತತ್ಸಮ, ತಮ್ಮ ತದ್ಭವ. ಆಸ್ತಿ ಸಮಪಾಲು.

ಹಿಂದೆ ಊರಿನಲ್ಲಿ ಬರೆಯಲು ಬಲ್ಲವನೆಂದರೆ ಬಹಳ ಸಲ ಲೆಕ್ಕ ಬರೆಯುವವನೇ. ಶ್ಯಾನುಭೋಗರು ‘ಕಡತ’ ಇಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಹಲಗೆಯಂತೆ ಮಾಡಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಇವತ್ತು ಕಚೇರಿಯ ಫೈಲಿಗೆ ಕಡತ ಎನ್ನುವಾಗ ನಾವು ಆ ಬಟ್ಟೆಯನ್ನು ಮರೆತಿದ್ದೇವೆ. ವಂಶಪಾರಂಪರ್ಯವಾಗಿ ಬಂದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು. ಆಮೇಲೆ ಸರಕಾರಿ ನೌಕರನಾದ ‘ಗ್ರಾಮ ಲೆಕ್ಕಿಗ’ ಬಂದ. ಈಚೆಗೆ ಆ ಹುದ್ದೆಗೆ ‘ಗ್ರಾಮ ಆಡಳಿತ ಅಧಿಕಾರಿ’ ಎಂದು ಹೆಸರಾಗಿದೆ. ಹೆಸರಿನಿಂದ ಲೆಕ್ಕ ಹೋಯಿತು. ನಮ್ಮೂರಿನವರ ಬಾಯಿಂದ ಹೋಗಿಲ್ಲ.

ನಾವು ಬುಕ್‌ಕೀಪಿಂಗ್‌ನಲ್ಲಿ ಕಲಿಯುವ ವಿಷಯಕ್ಕೆ ಕನ್ನಡ ಶಬ್ದಗಳು ಇಲ್ಲ ಎಂದು ಯಾರೂ ಎಣಿಸಬೇಡಿ (ಕರಾವಳಿ ಅರ್ಥದಲ್ಲಿ!). ಕಿರ್ದಿ, ಖಾತೆ, ಜಮಾ, ಖರ್ಚು, ಬಾಕಿ, ವಸೂಲಿ ಎಲ್ಲ ಅಂಗಡಿಗಳಲ್ಲಿ, ಸಹಕಾರಿ ಸಂಘಗಳಲ್ಲಿ ಬಳಕೆಯಾದವು. ಇವುಗಳಲ್ಲಿ ಹೆಚ್ಚಿನವು ಪಾರಸಿ, ಅರಬ್ಬಿ ಮೂಲದವು. ನಮ್ಮ ಮರಾಠಿ ಗೆಳೆಯರ ಮನೆಯಲ್ಲೂ ಇವೇ ಇವೆ. ಬ್ಯಾಲೆನ್ಸ್ ಶೀಟಿಗೆ ಅವರು ‘ತಾಳೇಬಂದ್’ ಎನ್ನುತ್ತಾರೆ, ನಾವು ‘ಲೆಕ್ಕ ತಾಳೆಯಾಯಿತು’ ಎನ್ನುತ್ತೇವೆ. ಬೆಂಗಳೂರಿನಲ್ಲಿ 1986ರಲ್ಲಿ ಶುರುವಾದ ಕಂಪನಿಯೊಂದರ ‘ಟ್ಯಾಲಿ’ಯನ್ನು ಕಂಪ್ಯೂಟರಿನಲ್ಲಿ ಕಲಿಯುವಾಗ ಅದು ನಮ್ಮ ‘ತಾಳೆ’ಯೇ ಇರಬೇಕೆಂದು ನಾನು ಬಹಳ ದಿನ ನಂಬಿದ್ದೆ. ಅಲ್ಲ, ಅದು ಇಂಗ್ಲಿಷಿನದು. ಎಣಿಸಲಿಕ್ಕೆ ಗೀರು ಹಾಕುತ್ತಿದ್ದ ಕೋಲಿನ ಹೆಸರು.

ಇನ್ನು ಬಾಯಿಮಾತಿನಲ್ಲಿ ಲೆಕ್ಕ ಎಷ್ಟು ವೇಷ ಹಾಕುತ್ತದೆ ನೋಡಿ. ನನ್ನ ಹಾಳೆಯಲ್ಲಿ ಸಿಕ್ಕಿದ್ದನ್ನು ಆರು ಬಗೆಯಾಗಿ ವಿಂಗಡಿಸಿದ್ದೇನೆ.

ಒಂದನೆಯದು, ಶಾಲೆಯ ಲೆಕ್ಕ. ಲೆಕ್ಕದ ಮೇಷ್ಟ್ರು, ಬಾಯಿಲೆಕ್ಕ, ‘ಲೆಕ್ಕ ಬಿಡಿಸು’. ಗಂಟು ಬಿಡಿಸಿದ ಹಾಗೆ ಲೆಕ್ಕವನ್ನೂ ಬಿಡಿಸುತ್ತೇವೆ. ಕೆಲವರಿಗೆ ಅದು ಕೊನೆವರೆಗೂ ಗಂಟಾಗಿಯೇ ಉಳಿಯುತ್ತದೆ, ಆ ಮಾತು ಬೇರೆ.

ಎರಡನೆಯದು, ಕೊಡು-ಕೊಳ್ಳುವ ಲೆಕ್ಕ. ಲೆಕ್ಕ ಇಡು, ಲೆಕ್ಕ ಒಪ್ಪಿಸು, ಲೆಕ್ಕ ಕೇಳು, ಲೆಕ್ಕ ಚುಕ್ತಾ ಮಾಡು. ಕೇಳುವವನು ಮೇಲೆ, ಒಪ್ಪಿಸುವವನು ಕೆಳಗೆ. ‘ನಿನಗೆ ಯಾಕೆ ಲೆಕ್ಕ ಕೊಡಬೇಕು?’ ಎಂದು ಜಗಳದಲ್ಲಿ ಹೇಳುವಾಗ ಅಲ್ಲಿ ದುಡ್ಡಿನ ಸುದ್ದಿಯೇ ಇರುವುದಿಲ್ಲ.

ಮೂರನೆಯದು, ದರದ ಲೆಕ್ಕ. ಬಾಳೆಹಣ್ಣು ಒಂದು ಕಡೆ ಡಜನ್ ಲೆಕ್ಕದಲ್ಲಿ, ಇನ್ನೊಂದು ಕಡೆ ಕಿಲೋ ಲೆಕ್ಕದಲ್ಲಿ. ಕೂಲಿ ದಿನದ ಲೆಕ್ಕದಲ್ಲಿ ಅಥವಾ ತಿಂಗಳ ಲೆಕ್ಕದಲ್ಲಿ.

ನಾಲ್ಕನೆಯದು, ಊಹೆಯ ಲೆಕ್ಕ. ‘ನನ್ನ ಲೆಕ್ಕದಲ್ಲಿ ಅವನು ಪಾಸಾಗಬೇಕಿತ್ತು’, ‘ಅವನ ಲೆಕ್ಕವೇ ಬೇರೆ’, ‘ಲೆಕ್ಕ ತಪ್ಪಿತು’, ಚುನಾವಣೆ ಬಂದರೆ ಪತ್ರಿಕೆಗಳಲ್ಲೆಲ್ಲ ‘ಲೆಕ್ಕಾಚಾರ’. ಇಲ್ಲಿ ಲೆಕ್ಕ ಸುತ್ತಿ ಬಳಸಿ ನಮ್ಮ ‘ಎಣಿಸು’ವಿನ ಹತ್ತಿರವೇ ಬಂದು ನಿಂತಿದೆ. ಧಾರವಾಡದ ಗೆಳೆಯ ‘ನನ್ನ ಲೆಕ್ಕದಾಗ’ ಎನ್ನುತ್ತಾನೆ, ನಾನು ‘ನಾನು ಎಣಿಸಿದ್ದು’ ಎನ್ನುತ್ತೇನೆ. ಇಬ್ಬರೂ ಯೋಚನೆಗೆ ಎಣಿಕೆಯ ಮಾತನ್ನೇ ಸಾಲ ತಂದವರು.

ಐದನೆಯದು, ಮರ್ಯಾದೆಯ ಲೆಕ್ಕ. ‘ಲೆಕ್ಕಿಸು’ ಅಂದರೆ ಬೆಲೆ ಕೊಡು. ಆದರೆ ವಿಚಿತ್ರ ನೋಡಿ, ‘ಅವನು ನನ್ನನ್ನು ಲೆಕ್ಕಿಸುತ್ತಾನೆ’ ಎಂದು ಸಂತೋಷದಿಂದ ಯಾರೂ ಹೇಳುವುದಿಲ್ಲ. ‘ಮಳೆಯನ್ನು ಲೆಕ್ಕಿಸದೆ’, ‘ಯಾರನ್ನೂ ಲೆಕ್ಕಿಸದೆ’ ಎಂದು ಇಲ್ಲದಾಗಲೇ ಈ ಮಾತು ಹೊರಬೀಳುತ್ತದೆ. ಇದರ ಜೊತೆಗೆ ಇನ್ನೊಂದು ಜೋಡಿ: ‘ಲೆಕ್ಕವಿಲ್ಲ’ ಮತ್ತು ‘ಲೆಕ್ಕಕ್ಕಿಲ್ಲ’. ಜಾತ್ರೆಗೆ ಬಂದ ಜನಕ್ಕೆ ಲೆಕ್ಕವಿಲ್ಲ ಅಂದರೆ ಅಷ್ಟು ಜನ. ಆ ಜನ ಲೆಕ್ಕಕ್ಕಿಲ್ಲ ಅಂದರೆ ಇದ್ದೂ ಇಲ್ಲದವರು. ನಡುವೆ ಸೇರಿದ್ದು ಒಂದು ಚತುರ್ಥಿ ವಿಭಕ್ತಿ. ಸಾಗರದಷ್ಟು ಇದ್ದದ್ದು ಸೊನ್ನೆಯಾಯಿತು. ಸಂಸ್ಕೃತದಿಂದ ಬಂದ ಮಾತುಗಳಲ್ಲೂ ಹೀಗೇ. ಎಣಿಸಲಾಗದಷ್ಟು ಇದ್ದರೆ ‘ಅಗಣಿತ’, ಎಣಿಸುವ ಯೋಗ್ಯತೆ ಇಲ್ಲದಿದ್ದರೆ ‘ನಗಣ್ಯ’. ನಡುವೆ ನಿಂತವರು ‘ಗಣ್ಯರು’, ಎಣಿಸತಕ್ಕವರು. ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಅವರಿಗೆ. ನಾವು ಹಿಂದೆ ನಿಂತವರು ಅಗಣಿತರೋ ನಗಣ್ಯರೋ, ಆಹ್ವಾನ ಪತ್ರಿಕೆ ಹೇಳುವುದಿಲ್ಲ.

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಗಾದೆಮಾತು ಎಲ್ಲರಿಗೂ ಗೊತ್ತು. ದೊಡ್ಡ ಮಕ್ಕಳು ಆಡುವಾಗ ಸಣ್ಣ ತಮ್ಮ ಅಳುತ್ತಾನೆಂದು ಸೇರಿಸಿಕೊಳ್ಳುತ್ತಾರೆ. ಅವನು ಓಡುತ್ತಾನೆ, ಕೂಗುತ್ತಾನೆ, ಸುಸ್ತಾಗುತ್ತಾನೆ. ಅವನನ್ನು ಮುಟ್ಟಿದರೂ ಔಟಲ್ಲ, ಅವನು ಮುಟ್ಟಿದರೂ ಔಟಲ್ಲ. ಆ ಮಗುವಿಗೆ ಮಾತ್ರ ಇದು ಗೊತ್ತಿರುವುದಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಇಲ್ಲಿಗೆ ಬಂದ ನನಗೆ ಅಕೌಂಟ್ಸ್ ತರಗತಿಯ ಮೊದಲ ಕೆಲವು ತಿಂಗಳು ಹೀಗೇ ಇತ್ತು. ಹಾಜರಿಯಲ್ಲಿ ಹೆಸರುಂಟು, ಪ್ರಶ್ನೆ ಕೇಳಿದರೆ ಬಾಯಿಲ್ಲ. ಒಂದು ವ್ಯತ್ಯಾಸ: ನನಗೆ ಗೊತ್ತಿತ್ತು.

ಆರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ‘ಹಾಗೆ’ ಎಂಬ ಅರ್ಥದ ಲೆಕ್ಕ. ‘ಅವನು ಇದ್ದರೂ ಸತ್ತ ಲೆಕ್ಕ’, ‘ನೀವು ಬಂದಿರಿ, ಊಟ ಮಾಡಿದ ಹಾಗೇ ಲೆಕ್ಕ’, ‘ಅವನು ನನಗೆ ತಮ್ಮನ ಲೆಕ್ಕ’. ತುಳು ಆಡುವ ಗೆಳೆಯರಿಗೆ ಇದು ಹೊಸತಲ್ಲ. ತುಳುವಿನಲ್ಲಿ ‘ಎನ್ನ ಲೆಕ’ ಅಂದರೆ ‘ನನ್ನ ಹಾಗೆ’. ಒಂದನ್ನು ಇನ್ನೊಂದರ ಖಾತೆಗೆ ಹಾಕಿ ಬರೆದರೆ ಅದು ಇದರ ಹಾಗೆ ಆಗುತ್ತದೆ. ತಮ್ಮನಲ್ಲ, ಆದರೆ ತಮ್ಮನ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ ಎಂದು ತಾತ್ಪರ್ಯ. ಕೇಳಲು ಹಿತವಾದ ಮಾತು. ಆದರೆ ಈ ಹಿತವಾದ ಮಾತು ಏನೇನು ಮಾಡಬಲ್ಲದು ಎಂಬುದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ.

ನನ್ನ ಅಪ್ಪಯ್ಯ 1987ರ ಜೂನ್ ತಿಂಗಳಲ್ಲಿ, ಹನ್ನೆರಡು ವರ್ಷದ ಹುಡುಗ, ಊರಿನವರೊಬ್ಬರ ಕೈ ಹಿಡಿದು ಮುಂಬಯಿಗೆ ಬಂದು ಒಂದು ಹೋಟೆಲು ಸೇರಿದರು. ಬೆಳಿಗ್ಗೆ ಟೇಬಲ್ ಒರೆಸುವುದು, ಮಧ್ಯಾಹ್ನ ಪಾತ್ರೆ, ಸಂಜೆಯ ಮೇಲೆ ಕೆಲವು ದಿನ ಕನ್ನಡ ರಾತ್ರಿಶಾಲೆ, ಆಮೇಲೆ ಹೋಟೆಲಿನ ಬೆಂಚಿನ ಮೇಲೇ ನಿದ್ದೆ. ಸಂಬಳ ಇಷ್ಟು ಎಂದು ಬಾಯಲ್ಲಿ ಹೇಳಿದ್ದರು, ಪುಸ್ತಕದಲ್ಲಿ ಬರೆದಿರಲಿಲ್ಲ. ಕೇಳಿದಾಗೆಲ್ಲ ಧಣಿಗಳು ಪ್ರೀತಿಯಿಂದ, "ನೀನು ನಮ್ಮ ಮನೆ ಮಗನ ಲೆಕ್ಕ ಮಾಣಿ, ನಿನ್ನ ದುಡ್ಡು ಎಲ್ಲಿಗೆ ಹೋಗ್ತದೆ?" ಅನ್ನುತ್ತಿದ್ದರಂತೆ. ಐದು ವರ್ಷ ಆದ ಮೇಲೆ ಊರಲ್ಲಿ ಅಜ್ಜಯ್ಯನಿಗೆ ಸೌಖ್ಯವಿಲ್ಲ ಎಂದು ಕಾಗದ ಬಂತು. ಅಪ್ಪಯ್ಯ ಹೊರಟು ನಿಂತು ಲೆಕ್ಕ ಕೇಳಿದರು. ಧಣಿಗಳು ಐನೂರು ರೂಪಾಯಿ ಕೈಗಿಟ್ಟು ಹೇಳಿದ ಮಾತು ಇದು: "ಮನೆ ಮಗನಿಗೆ ಎಂತ ಲೆಕ್ಕ ಮಾರಾಯ?"

ಓದುಗರು ಗಮನಿಸಬೇಕು. ಆರನೆಯ ಅರ್ಥವನ್ನು ಮುಂದಿಟ್ಟು ಎರಡನೆಯ ಅರ್ಥವನ್ನು ನುಂಗಿದ್ದಾಯಿತು. ಮಗನ ಲೆಕ್ಕ ಆದ್ದರಿಂದ ಲೆಕ್ಕವಿಲ್ಲ. ಶಬ್ದ ಒಂದೇ, ಹೋದದ್ದು ಐದು ವರ್ಷ.

ನಾನು ಹತ್ತನೇ ಪಾಸಾಗಿ, ಇಲ್ಲಿ ಮಾವನ ಮನೆಯಲ್ಲಿದ್ದು ಕಾಮರ್ಸ್ ಸೇರುತ್ತೇನೆ ಅಂದಾಗ ಮನೆಯಲ್ಲಿ ಯಾರಿಗೂ ಕಾಮರ್ಸ್ ಅಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಅಪ್ಪಯ್ಯ ಮಾತ್ರ, "ಅದ್ರಲ್ಲಿ ಲೆಕ್ಕ ಬರೆಯುದ್ ಕಲಿಸ್ತ್ರಾ?" ಎಂದು ಕೇಳಿದರು. ಹೌದು ಎಂದೆ. "ಹಾಂಗಾರೆ ಹೋಗ್. ಬರೀ ಎಣ್ಸಿರೆ ಸಾಕಾತಿಲ್ಲ ಮಗಾ" ಎಂದರು. ಆಗ ನಾನು ಆ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಈಗ ಈ ಲೇಖನಕ್ಕಾಗಿ ಹಾಳೆ ತಿರುವುವಾಗ ಅದು ಮತ್ತೆ ಕಣ್ಣಿಗೆ ಬಿತ್ತು. ‘ಎಣಿಸಿದರೆ ಸಾಲದು’ ಅಂದರೆ ಅಂದುಕೊಂಡರೆ ಸಾಲದು. ಬೆರಳು ಮಡಚಿದರೂ ಸಾಲದು. ಬರೆದಿರಬೇಕು. ಲೆಕ್ಕದ ಮೂಲ ಲೇಖ ಎಂದು ನಿಘಂಟಿನಲ್ಲಿ ನೋಡಿ ನಾನು ಬೆರಗಾದೆ. ಅಪ್ಪಯ್ಯನಿಗೆ ಅದು ನಿಘಂಟಿಲ್ಲದೆ ಗೊತ್ತಿತ್ತು.

ಬರೆದಿರಬೇಕು, ಸರಿಯಾದ ತಲೆಬರಹದ ಕೆಳಗೆ ಬರೆದಿರಬೇಕು. ಇದು ಒಬ್ಬ ಮಾಣಿಯ ಸಂಬಳಕ್ಕೆ ಮಾತ್ರ ಅನ್ವಯವಾಗುವ ಮಾತಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ದೇಶದಲ್ಲಿ ಸುಮಾರು 4.37 ಕೋಟಿ, ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ. ಮನೆಯಲ್ಲಿ ತುಳು ಆಡಿ, ಕನ್ನಡ ಶಾಲೆಗೆ ಹೋಗಿ, ನಮ್ಮ ಸಂಘದ ನಾಟಕದಲ್ಲಿ ಪಾತ್ರ ಮಾಡುವ ಗೆಳೆಯ ಈ 10 ಲಕ್ಷದಲ್ಲಿ ಇಲ್ಲ. ಅವನು ತುಳುವಿನ 18 ಲಕ್ಷದ ಲೆಕ್ಕದಲ್ಲಿದ್ದಾನೆ. ಅದು ಅವನ ಹಕ್ಕು, ತಪ್ಪೇನಿಲ್ಲ. ಆದರೆ ಇಲ್ಲಿ ಕನ್ನಡಿಗರು ಎಷ್ಟು ಮಂದಿ ಎಂದು ಯಾರಾದರೂ ಆ ಒಂದು ಅಂಕಿಯನ್ನು ತೋರಿಸಿದಾಗ, ಅದರೊಳಗೆ ಯಾರು ಬಂದಿದ್ದಾರೆ, ಯಾರು ಹೊರಗಿದ್ದಾರೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಸಂಖ್ಯೆ ಸರಿಯಿದ್ದೂ ಲೆಕ್ಕ ಪೂರ್ತಿಯಾಗದೆ ಇರಬಹುದು.

ಹೋದ ರಜೆಯಲ್ಲಿ ಊರಿಗೆ ಹೋದಾಗ ಅಪ್ಪಯ್ಯನ ಹತ್ತಿರ ಕೂತು, "ಆ ಐದು ವರ್ಷದ್ದನ್ನು ಈಗ ಬರೆಯುವನಾ?" ಎಂದೆ. ಹಣ ವಸೂಲಿ ಮಾಡಲಿಕ್ಕಲ್ಲ. ಆ ಧಣಿಗಳು ಈಗ ಇಲ್ಲ, ಹೋಟೆಲೂ ಇಲ್ಲ. ಬರೆಯಲು ಕಲಿತಿದ್ದೇನೆ ಎಂದು ತೋರಿಸಬೇಕಿತ್ತು, ಅಷ್ಟೆ. ಅಪ್ಪಯ್ಯ ತಡಮಾಡದೆ ಹೇಳತೊಡಗಿದರು. ಮೊದಲ ವರ್ಷ ತಿಂಗಳಿಗೆ 60, ಆಮೇಲೆ ಎರಡು ವರ್ಷ 90, ಕೊನೆಯ ಎರಡು ವರ್ಷ 120. ಒಟ್ಟು 5,760 ರೂಪಾಯಿ. ಇದನ್ನು ಅವರು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲೇ ಎಣಿಸಿ ಇಟ್ಟುಕೊಂಡಿದ್ದರು. ಊರಿಗೆ ಕಳಿಸಲು ಆಗಾಗ ಪಡೆದದ್ದು 1,100. ಹೊರಡುವಾಗ ಕೊಟ್ಟದ್ದು 500. ನಾನು ಗೆರೆ ಎಳೆಯಲು ಹೊರಟಾಗ ಅವರೇ ತಡೆದು, "ಒಂದ್ ಹಳೆ ವಾಚ್ ಕೊಟ್ಟಿದ್ರ್. ನೂರೈವತ್ತ್ ಹಾಕ್" ಎಂದರು. ಹಾಕಿದೆ. ಬಾಕಿ 4,010.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ವಿಷಯ ತೆಗೆದರು. ಎರಡನೆಯ ವರ್ಷ ಕಾಮಾಲೆ ಆಗಿ ಮಲಗಿದಾಗ ಧಣಿಗಳ ಹೆಂಡತಿ ಇಪ್ಪತ್ತು ದಿನ ತಮ್ಮ ಮನೆಯಲ್ಲಿಟ್ಟುಕೊಂಡು ಗಂಜಿ ಮಾಡಿ ಕೊಟ್ಟಿದ್ದರಂತೆ. "ಅದನ್ನ್ ಯಾವ ಬದಿಗ್ ಬರೀತೆ?" ಎಂದು ಕೇಳಿದರು.

ನಮ್ಮ ಪುಸ್ತಕದ ಪ್ರಕಾರ ಉತ್ತರ ಸುಲಭ. ಹಣದಲ್ಲಿ ಅಳೆಯಬಹುದಾದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಮೊದಲ ಪಾಠದಲ್ಲೇ ಇದೆ. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆದರೆ ಅಪ್ಪಯ್ಯನ ಎದುರು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಗಂಜಿ ಕೊಟ್ಟ ಕೈಗೆ ಸಂಬಳ ವಜಾ ಮಾಡಲಾಗದು. ಸಂಬಳ ಕೊಡದ ಕಾರಣಕ್ಕೆ ಗಂಜಿಯನ್ನು ಅಳಿಸಲೂ ಆಗದು. ಕೊನೆಗೆ ‘ಬಂದದ್ದು’ ಎಂಬ ಬದಿಯಲ್ಲಿ ‘ಇಪ್ಪತ್ತು ದಿನದ ಗಂಜಿ’ ಎಂದು ಬರೆದು ಮೊತ್ತದ ಜಾಗವನ್ನು ಖಾಲಿ ಬಿಟ್ಟೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಓದಿ, ಸರಿಯುಂಟು ಎಂದರು. ನಮ್ಮ ಅಕೌಂಟ್ಸ್ ಪ್ರೊಫೆಸರರು ನೋಡಿದರೆ ಒಪ್ಪುವುದಿಲ್ಲ.

ಲೆಕ್ಕದ ಬಗ್ಗೆ ನನಗೆ ತಿಳಿದದ್ದು ಇಷ್ಟು. ಇದು ಕರಾವಳಿಯವನ ಪಟ್ಟಿ. ಕಲಬುರ್ಗಿ, ಮೈಸೂರು, ಶಿರಸಿ, ಸೊಲ್ಲಾಪುರದ ಕಡೆಯ ಗೆಳೆಯರ ಮನೆಗಳಲ್ಲಿ ಲೆಕ್ಕಕ್ಕೆ ಏಳನೆಯ, ಎಂಟನೆಯ ಅರ್ಥಗಳೂ ಇರಬಹುದು. ಇದ್ದರೆ ಒಂದು ಚೀಟಿಯಲ್ಲಿ ಬರೆದು ಸಂಪಾದಕರ ಕೈಗೆ ಕೊಡಿ, ಮುಂದಿನ ಸಂಚಿಕೆಗೆ ಸೇರಿಸೋಣ. ಬಾಯಲ್ಲಿ ಹೇಳಿ ಹೋಗಬೇಡಿ. ಬರೆದೇ ಕೊಡಿ.